ಜೀನ್ಸ್ ಘಟಕ ಮಾರೋ ಬಗ್ಗೆ ಕಾಕಾಗ ಉತ್ತರ

ಕಾಕಾ, ಗ್ರೂಪಿನ್ಯಾಗ ನೀವು ಕೇಳಿದ್ದು ನೋಡಿದೆ. ನಿಮ್ಮ ಬಳ್ಳಾರಿ ಜೀನ್ಸ್ ಹೊಲಿಗಿ ಘಟಕ ಕೊಳ್ಳೋರು 18 ಲಕ್ಷಕ್ಕ ಕೇಳ್ಯಾರ, 10 ಲಕ್ಷ ಖಾತೆಗೆ, 8 ಲಕ್ಷ ಕ್ಯಾಶ್, ಒಂದು ವರ್ಷ ಜಿಎಸ್‌ಟಿ ನಂಬರ್ ನಿಮ್ಮ ಹೆಸರಿನ್ಯಾಗ ಇರ್ಲಿ ಅಂತಾರ. ರೇಟು ನಿಮಗ ಬಿಟ್ಟದ್ದು. ಉಳಿದ ಎರಡು ಮಾತಿಗೆ ಮಾತ್ರ ಹೂಂ ಅನಬ್ಯಾಡ್ರಿ. ಉದ್ದ ಆಗ್ತೈತಿ, ಸ್ವಲ್ಪ ತಾಳ್ಮಿಲೆ ಕೇಳ್ರಿ.

ಮೊದ್ಲು ನಂಬರಿನ ಮಾತು. ಜಿಎಸ್‌ಟಿ ನಂಬರ್ ನಿಂತಿರೋದು ನಿಮ್ಮ ಪ್ಯಾನ್ ಮ್ಯಾಲೆ. ಅವ್ರು ಒಂದು ಖೊಟ್ಟಿ ಬಿಲ್ ಹರಿದ್ರೂ ನೋಟಿಸ್ ಬರೋದು ನಿಮ್ಮ ಮನಿಗೆ. ಅವ್ರ ವಹಿವಾಟೆಲ್ಲ ನಿಮ್ಮ ಟರ್ನೋವರ್ ಅಂತ ಕೂಡ್ತೈತಿ. ಕಾಯ್ದೆ ಪ್ರಕಾರ, ನಡೆಯೋ ವ್ಯಾಪಾರ ಕೊಂಡವ್ರು ಕೈಗೆ ಬಂದ ದಿನದಿಂದಲೇ ತಮ್ಮ ಹೆಸರಿನ್ಯಾಗ ನೋಂದಣಿ ತಗೋಬೇಕು, ‘ಆಮ್ಯಾಗ ಮಾಡಿಸ್ತೀವಿ’ ಅನ್ನೋ ಹಂಗಿಲ್ಲ. ಕ್ರಮ ಹಿಂಗೈತಿ: ನಿಮ್ಮ ಹಳೇ ರಿಟರ್ನ್ ಎಲ್ಲ ತುಂಬಿ ಮುಗಿಸ್ರಿ, ಅವ್ರು ಹೊಸ ನಂಬರ್ ತಗೊಳ್ಳಿ, ಲೆಡ್ಜರಿನ್ಯಾಗ ಕ್ರೆಡಿಟ್ (ಖರೀದಿ ಮ್ಯಾಲೆ ಕಟ್ಟಿದ, ಮುಂದಿನ ತೆರಿಗಿಯೊಳಗ ಕಳೆಯೋ ಜಿಎಸ್‌ಟಿ) ಉಳಿದಿದ್ರ ನೀವು ಐಟಿಸಿ-02 ಅನ್ನೋ ಫಾರ್ಮ್ ತುಂಬ್ರಿ. ಅದಕ್ಕ ಸಿಎ ಸರ್ಟಿಫಿಕೇಟ್ ಬೇಕು. ಅವ್ರು ಪೋರ್ಟಲ್‌ನ್ಯಾಗ ಒಪ್ಪಿದ ಮ್ಯಾಲೇ ಕ್ರೆಡಿಟ್ ವರ್ಗ ಆಗ್ತೈತಿ. ಬಾಕಿ-ಸಾಲ ಯಾರ ಪಾಲಿಗೆ ಅಂತ ಕರಾರಿನ್ಯಾಗ ಬರೆದಿರಬೇಕು, ಇಲ್ಲದಿದ್ರ ಆ ವರ್ಗ ನಿಲ್ಲಂಗಿಲ್ಲ. ಇದಾದ ಮ್ಯಾಲೆ ನಂಬರ್ ರದ್ದತಿಗೆ ಅರ್ಜಿ. ಮೊದ್ಲೇ ರದ್ದು ಮಾಡಿಸಿದ್ರ ಕ್ರೆಡಿಟ್ ಹೋದಂಗ. ರದ್ದಾದ 3 ತಿಂಗಳೊಳಗ ಜಿಎಸ್‌ಟಿಆರ್-10 ಅಂತ ಕೊನೇ ರಿಟರ್ನ್ ಐತಿ, ಬಾಳ ಮಂದಿ ಮರೆಯೋದು ಇದನ್ನೇ. ಕೊಂಡವ್ರಿಗೂ ತಿಳಿಸ್ರಿ, ಮಾರಾಟದ ದಿನದವರೆಗಿನ ಜಿಎಸ್‌ಟಿ ಬಾಕಿಗೆ ಕಾಯ್ದೆ ಇಬ್ಬರನ್ನೂ ಹಿಡಿತೈತಿ. ಅದಕ್ಕೇ ಅವ್ರು ನಿಮ್ಮ ರಿಟರ್ನ್ ಕೇಳಿದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ.

ಕ್ಯಾಶ್ ವಿಷಯ: ಒಂದು ವ್ಯವಹಾರಕ್ಕ 2 ಲಕ್ಷ ಅಥವಾ ಮ್ಯಾಲೆ ನಗದು ಇಸ್ಕೊಂಡ್ರ ಇಸ್ಕೊಂಡಷ್ಟೇ ದಂಡ, ಅದೂ ಇಸ್ಕೊಂಡವ್ರಿಗೆ. ದಿನಕ್ಕ ಒಂದೊಂದು ಲಕ್ಷ ಅಂತ ತುಂಡು ಮಾಡಿದ್ರೂ ವ್ಯವಹಾರ ಒಂದೇ. ಮ್ಯಾಲಾಗಿ ಪತ್ರದಾಗ 10 ಅಂತ ಬರೆದ್ರ, ಉಳಿದ 8 ಬರದೇ ಹೋದಾಗ ಕೇಳೋಕ ನಿಮ್ಮ ಕಡೆ ಏನೂ ಇರಂಗಿಲ್ಲ.

ಇನ್ನ ಮಾರೋ ರೀತಿ. ಮಷಿನ್, ಕೆಲಸಗಾರರು, ಪಾರ್ಟಿ ಆರ್ಡರ್, ಬಾಡಿಗಿ ಜಾಗ ಎಲ್ಲ ಸೇರಿ ನಡೆಯೋ ಘಟಕ ನಡೆಯೋ ಹಂಗೇ ಕೊಟ್ರ ಆ ಮಾರಾಟದ ಮ್ಯಾಲೆ ಜಿಎಸ್‌ಟಿ ಇಲ್ಲ. ಬಿಡಿಬಿಡಿ ಮಷಿನ್ ಮಾರಿದ್ರ ಒಂದೊಂದಕ್ಕೂ ಟ್ಯಾಕ್ಸ್ ಹಾಕಿ ಬಿಲ್ ಮಾಡ್ಬೇಕು. ಆದಾಯ ತೆರಿಗಿ ಬ್ಯಾರೆ: ಬಿಡಿ ಬೆಲೆ ಹಚ್ಚದೆ ಒಟ್ಟಿಗೆ ಮಾರಿದ್ರ, ಘಟಕ 36 ತಿಂಗಳಿಗಿಂತ ಹಳೇದಿದ್ದಾಗ ಲಾಭಕ್ಕ 12.5%, ಜೊತಿಗೆ ಸೆಸ್. ಇದಕ್ಕ ಸಿಎ ವರದಿ ಬೇಕು. ಲಾಭ ಅಂದ್ರ ಬಂದ ಬೆಲೆಯೊಳಗ ಲೆಕ್ಕದ ಪುಸ್ತಕದ ನಿವ್ವಳ ಮೌಲ್ಯ (ಆಸ್ತಿಯೊಳಗ ಸಾಲ-ಬಾಕಿ ತೆಗೆದು ಉಳಿದದ್ದು) ಕಳೆದದ್ದು. ಇಲ್ಲೇ ಮಂದಿ ಎಡವೋದು. 10 ಲಕ್ಷದ ಮಷಿನ್ ವರ್ಷಕ್ಕ 15% ಸವಕಳಿ (ಹಳೇದಾದಂಗ ಇಳಿಯೋ ಬೆಲೆ) ತೆಗೆದ್ರ 5 ವರ್ಷಕ್ಕ ಪುಸ್ತಕದಾಗ ಸುಮಾರು 4.44 ಲಕ್ಷ. ಅದನ್ನ 6 ಲಕ್ಷಕ್ಕ ಕೊಟ್ರ ನಿಮಗ ಲುಕ್ಸಾನ ಅನ್ನಿಸ್ತೈತಿ, ಇಲಾಖೆ ಲೆಕ್ಕದಾಗ ಲಾಭ. ದುಡ್ಡು ಕಂತಿನ್ಯಾಗ ಬಂದ್ರೂ ತೆರಿಗಿ ಮಾರಿದ ವರ್ಷಕ್ಕೇ.

ಪಟ್ಟಿ ಮಾಡುವಾಗ ‘ಮಷಿನ್ 22’ ಅಂತ ಬರೆದು ಬಿಡಬ್ಯಾಡ್ರಿ. ಸಿಂಗಲ್ ನೀಡಲ್, ಓವರ್‌ಲಾಕ್, ಬಾರ್‌ಟ್ಯಾಕ್ ಬ್ಯಾರೆ ಬ್ಯಾರೆ, ಮಷಿನ್ ತಲಿ ಮ್ಯಾಲಿನ ಪ್ಲೇಟಿನ ಸೀರಿಯಲ್ ನಂಬರ್ ಸಮೇತ ಬರೀರಿ. ಮೂಲ್ಯಾಗ ಬಿದ್ದಿರೋ ಕಟಿಂಗ್ ಬಂಡಲ್ ನಿಮ್ಮ ಮಾಲಲ್ಲ, ಜಾಬ್ ವರ್ಕ್ (ಕೂಲಿಗೆ ಹೊಲಿಯೋ ಕೆಲಸ) ಕೊಟ್ಟ ಪಾರ್ಟಿದು. ಚಲನ್ ಹಿಡಿದು ಎಣಿಸಿ, ವಾಪಸ್ ಕೊಟ್ಟು ಸಹಿ ಹಾಕಿಸ್ಕೋರಿ. ಅದು ಸ್ಟಾಕ್ ಅಂತ ಸೇರಿದ್ರ ಕೊರತಿ ನಿಮ್ಮ ತಲಿಗೆ ಬರ್ತೈತಿ.

ಬ್ಯಾಂಕ್ ಸಾಲ ಇದ್ರ ಮಷಿನ್ ಬ್ಯಾಂಕಿಗೆ ಹೈಪೊಥಿಕೇಶನ್ (ಸಾಲಕ್ಕ ಅಡ, ಮಷಿನ್ ಮಾತ್ರ ನಿಮ್ಮ ಕಡೆನೇ) ಆಗಿರ್ತಾವ. ಬ್ಯಾಂಕಿನ ಒಪ್ಪಿಗಿ ಪತ್ರ (ಎನ್‌ಒಸಿ) ಇಲ್ಲದ ಒಂದು ಮೋಟಾರೂ ಹೊರಗ ಹೋಗಬಾರ್ದು, ಕ್ರಿಮಿನಲ್ ಕೇಸ್ ಆಗಬಹುದು. 5 ವರ್ಷ ದಾಟಿದ ಟೇಲರ್‌ಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡೋ ಸೇವಾ ಹಣ): ತಿಂಗಳ ಮೂಲ ಪಗಾರ, ಡಿಎ (ತುಟ್ಟಿಭತ್ಯೆ) ಎರಡೂ ಕೂಡಿ 13,000, ಸರ್ವಿಸ್ 8 ವರ್ಷ ಆದ್ರ 13,000 ಗುಣಿಸು 15, ಭಾಗಿಸು 26, ಗುಣಿಸು 8, ಅಂದ್ರ 60,000. ಇದನ್ನ ನೀವು ಕೊಡ್ತೀರೋ ಅವ್ರು ಹೊತ್ಕೋತಾರೋ, ಪತ್ರದಾಗ ಇರ್ಲಿ. ಜಾಗದ ಮಾಲೀಕರ ಲಿಖಿತ ಒಪ್ಪಿಗಿ, ಪಾಲಿಕೆ ಟ್ರೇಡ್ ಲೈಸೆನ್ಸ್, ಜೆಸ್ಕಾಂ ಕರೆಂಟ್ ಮೀಟರ್ ಹೆಸರು ಬದಲಾವಣಿ ಮಾಡಿಸ್ರಿ. ಡಿಪಾಜಿಟ್ ಯಾರದು ಅಂತಾನೂ ಬರೀರಿ.

‘ಇನ್ನ ಎಲ್ಲೂ ಇದೇ ಧಂದೆ ಮಾಡಂಗಿಲ್ಲ’ ಅಂತ ಕೊಂಡವ್ರು ನಿಮ್ಮಿಂದ ಬರೆಸಿದ್ರ ಊರು, ವರ್ಷ ಎರಡೂ ಹಾಕಿಸ್ರಿ. ಗುಡ್‌ವಿಲ್ (ಧಂದೆ ಗಳಿಸಿದ ಹೆಸರು-ಗಿರಾಕಿ) ಮಾರಿದಾಗ ಅಂಥ ಷರತ್ತು ನಡಿತೈತಿ, ಆದ್ರ ಇಂತಿಷ್ಟೇ ಪ್ರದೇಶ ಅಂತ ಇರಬೇಕು.

ಕಂತಿಗೆ ಚೆಕ್ ತಗೊಂಡ್ರ ತಾರೀಖಿನಿಂದ 3 ತಿಂಗಳೊಳಗ ಹಾಕ್ರಿ. ಬೌನ್ಸ್ ಆದ್ರ ಬ್ಯಾಂಕ್ ಮೆಮೊ ಬಂದ 30 ದಿನದೊಳಗ ನೋಟಿಸ್ ಹೋಗಬೇಕು, ಅವ್ರಿಗೆ 15 ದಿನ ಟೈಮ್, ಆಮ್ಯಾಲೆ ಒಂದು ತಿಂಗಳೊಳಗ ಕೋರ್ಟಿಗೆ. ನನ್ನ ಕೇಳಿದ್ರ ಕೀಲಿ ಕೊಡೋಕ ಮೊದ್ಲೇ ಪೂರ್ತಿ ಆರ್‌ಟಿಜಿಎಸ್ ಬರಲಿ. ಟೋಕನ್ ಮುಂಗಡ ಇಸ್ಕೊಳ್ಳೋಕ ಮೊದ್ಲು ಸಾಲದ ಮಂಜೂರಿ ಪತ್ರ, ಬಾಡಿಗಿ ಕರಾರು, ಹೋದ ವರ್ಷದ ಬ್ಯಾಲೆನ್ಸ್ ಶೀಟ್ ಫೋಟೋ ಹೊಡೆದು ಕಳಸ್ರಿ. ಗ್ರೂಪಿಗೆ ಬ್ಯಾಡ, ನನ್ನ ನಂಬರಿಗೇ ಹಾಕ್ರಿ.