ಎಲೆಕ್ಟ್ರಾನ್ ಗಳಿಕೆ ಎಂಥಾಲ್ಪಿ: ‘ಹೆಚ್ಚು ಋಣಾತ್ಮಕ’ ಅಂದರೆ ಹೆಚ್ಚೋ, ಕಡಿಮೆಯೋ?

ಗೆಳೆಯರೇ, ನಮಸ್ಕಾರ.

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರುವ ಮಕ್ಕಳಿಗಾಗಿ ರಸಾಯನಶಾಸ್ತ್ರದ ಟಿಪ್ಪಣಿ ಬರೆಯುತ್ತಿದ್ದೇನೆ. ಆವರ್ತಕ ಕೋಷ್ಟಕದ ಪಾಠ ನಡೆಯುತ್ತಿದೆ, ಫ್ಲೋರಿನ್, ಕ್ಲೋರಿನ್ ಮುಂತಾದ ಹ್ಯಾಲೋಜನ್‌ಗಳ ಗುಂಪಿಗೆ ಬಂದಿದ್ದೇನೆ. ಇಲ್ಲಿ ಒಂದು ಪಾರಿಭಾಷಿಕ ಪದ ಮತ್ತು ಅದರ ಜೊತೆ ಬರುವ ‘ಹೆಚ್ಚು’, ‘ಕಡಿಮೆ’ ಎಂಬ ಸಾದಾ ಮಾತುಗಳ ಬಗ್ಗೆ ನಿಮ್ಮ ಸಲಹೆ ಬೇಕು.

ಮೊದಲು ವಿಷಯ ಹೇಳುತ್ತೇನೆ. ಅನಿಲ ರೂಪದಲ್ಲಿರುವ ಒಂಟಿ ಪರಮಾಣುವಿಗೆ ಹೊರಗಿನಿಂದ ಒಂದು ಎಲೆಕ್ಟ್ರಾನ್ ಬಂದು ಸೇರುತ್ತದೆ. ಆಗ ಆಗುವ ಎಂಥಾಲ್ಪಿ ಬದಲಾವಣೆಯೇ, ಅಂದರೆ ಹೊರಹೋಗುವ ಅಥವಾ ಒಳಬರುವ ಶಾಖದ ಲೆಕ್ಕವೇ, ಎಲೆಕ್ಟ್ರಾನ್ ಗಳಿಕೆ ಎಂಥಾಲ್ಪಿ. ಶಕ್ತಿ ಹೊರಗೆ ಬಂದರೆ ಋಣ ಚಿಹ್ನೆ, ನಾವೇ ಶಕ್ತಿ ಕೊಡಬೇಕಾದರೆ ಧನ ಚಿಹ್ನೆ. ಹ್ಯಾಲೋಜನ್‌ಗಳ ಹೊರಕವಚದಲ್ಲಿ 7 ಎಲೆಕ್ಟ್ರಾನ್‌ಗಳಿವೆ. ಇನ್ನೊಂದು ಸಿಕ್ಕರೆ ಕವಚ ತುಂಬುತ್ತದೆ. ಹಾಗಾಗಿ ಎಲ್ಲಕ್ಕೂ ದೊಡ್ಡ ದೊಡ್ಡ ಋಣ ಸಂಖ್ಯೆಗಳೇ. ಪ್ರತಿ ಮೋಲ್‌ಗೆ ಕಿಲೋಜೂಲ್ ಲೆಕ್ಕದಲ್ಲಿ ಫ್ಲೋರಿನ್ −328, ಕ್ಲೋರಿನ್ −349, ಬ್ರೋಮಿನ್ −325, ಅಯೋಡಿನ್ −295. ಫ್ಲೋರಿನ್‌ಗೆ −333 ಎಂದು ಕೊಡುವ ಪಠ್ಯಗಳೂ ಇವೆ, ಆದರೂ ಕ್ರಮ ಬದಲಾಗುವುದಿಲ್ಲ. ಅಸ್ಟಟೀನ್‌ಗೆ ಹಳೆಯ ಕೋಷ್ಟಕಗಳಲ್ಲಿ −270 ಎಂಬ ಅಂದಾಜು ಇತ್ತು. 2020ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದ ಐಸೋಲ್ಡೆ ಪ್ರಯೋಗಾಲಯದಲ್ಲಿ ಅಳೆದಾಗ ಹೊರಬಂದ ಶಕ್ತಿ 2.416 ಎಲೆಕ್ಟ್ರಾನ್ ವೋಲ್ಟ್, ಅಂದರೆ ಪ್ರತಿ ಮೋಲ್‌ಗೆ ಸುಮಾರು 233 ಕಿಲೋಜೂಲ್.

ತೊಡಕು ಕ್ಲೋರಿನ್‌ನಲ್ಲಿದೆ. “ಕ್ಲೋರಿನ್‌ನ ಎಲೆಕ್ಟ್ರಾನ್ ಗಳಿಕೆ ಎಂಥಾಲ್ಪಿ ಎಲ್ಲಕ್ಕಿಂತ ಹೆಚ್ಚು” ಎಂದು ಬರೆದರೆ ಗಣಿತ ಬಲ್ಲ ಹುಡುಗರು ಸುಮ್ಮನಿರುವುದಿಲ್ಲ. −349 ಎಂಬುದು −328ಕ್ಕಿಂತ ಚಿಕ್ಕ ಸಂಖ್ಯೆ ಅಲ್ವಾ ಎಂದು ಕೇಳುತ್ತಾರೆ. ಕೇಳುವುದೂ ಸರಿಯೇ. “ಎಲ್ಲಕ್ಕಿಂತ ಕಡಿಮೆ” ಎಂದು ಬರೆದರೆ ಕ್ಲೋರಿನ್‌ಗೆ ಎಲೆಕ್ಟ್ರಾನ್ ಅಷ್ಟಾಗಿ ಬೇಕಿಲ್ಲ ಎಂಬ ಅರ್ಥ ಬಂದುಬಿಡುತ್ತದೆ. ನಿಜ ಅದಕ್ಕೆ ಪೂರಾ ಉಲ್ಟಾ. “ಅತಿ ಹೆಚ್ಚು ಋಣಾತ್ಮಕ” ಎಂಬುದು ಶಾಸ್ತ್ರಕ್ಕೆ ಸರಿ. ಆದರೆ ಮೊದಲ ಸಲ ಓದುವ ಮಗುವಿಗೆ ‘ಹೆಚ್ಚು’ ಒಂದು ಕಡೆ ಎಳೆಯುತ್ತದೆ, ‘ಋಣ’ ಇನ್ನೊಂದು ಕಡೆ ಎಳೆಯುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಬರೆಯುತ್ತಾರೆ, ಅಷ್ಟೇ.

ಹವಾಮಾನದ ಮಾತಿನಲ್ಲಿ ಕನ್ನಡಕ್ಕೆ ಈ ಕಷ್ಟ ಇಲ್ಲ ನೋಡಿ. ಲಡಾಖ್‌ನಲ್ಲಿ −20 ಡಿಗ್ರಿ ಅಂದರೆ “ತಾಪಮಾನ ಕಡಿಮೆ, ಚಳಿ ಜಾಸ್ತಿ” ಅನ್ನುತ್ತೇವೆ. ಯಾರಿಗೂ ಗೊಂದಲ ಆಗುವುದಿಲ್ಲ. ಏಕೆಂದರೆ ಎರಡು ದಿಕ್ಕಿಗೆ ಎರಡು ಪದಗಳಿವೆ. ಇಲ್ಲೂ ಹಾಗೆಯೇ ಎರಡು ಪದ ಇಟ್ಟುಕೊಳ್ಳೋಣ ಎಂಬುದು ನನ್ನ ಪ್ರಸ್ತಾಪ. ಚಿಹ್ನೆ ಇರುವ ಸಂಖ್ಯೆಗೆ ‘ಎಂಥಾಲ್ಪಿ’ ಇರಲಿ. ಅದರ ಜೊತೆ ಹೆಚ್ಚು, ಕಡಿಮೆ ಬಳಸುವುದೇ ಬೇಡ. ಎಷ್ಟು ಶಕ್ತಿ ಹೊರಬರುತ್ತದೆ ಎಂಬುದನ್ನು ಧನ ಸಂಖ್ಯೆಯಾಗಿ ಹೇಳುವ ಇನ್ನೊಂದು ಅಳತೆ ಹೇಗೂ ಬಳಕೆಯಲ್ಲಿದೆ, ಎಲೆಕ್ಟ್ರಾನ್ ಅಫಿನಿಟಿ. ಅದನ್ನು ‘ಎಲೆಕ್ಟ್ರಾನ್ ಒಲವು’ ಎಂದು ಕರೆಯೋಣ. ಆಗ “ಕ್ಲೋರಿನ್‌ನ ಎಲೆಕ್ಟ್ರಾನ್ ಒಲವು ಎಲ್ಲಕ್ಕಿಂತ ಜಾಸ್ತಿ, ಹಾಗಾಗಿ ಅದರ ಎಂಥಾಲ್ಪಿ ಸೊನ್ನೆಗಿಂತ ಎಲ್ಲಕ್ಕಿಂತ ಕೆಳಗೆ” ಎಂದು ಧೈರ್ಯವಾಗಿ ಬರೆಯಬಹುದು. ಕಟ್ಟುನಿಟ್ಟಾಗಿ ನೋಡಿದರೆ ಎರಡು ಅಳತೆಗಳ ನಡುವೆ ಕೋಣೆಯ ತಾಪಮಾನದಲ್ಲಿ ಸುಮಾರು 6 ಕಿಲೋಜೂಲ್ ವ್ಯತ್ಯಾಸ ಇದೆ. ಪಿಯುಸಿ ಹಂತಕ್ಕೆ ಅದು ತೊಡಕಲ್ಲ.

‘ಒಲವು’ ಯಾಕೆ, ‘ಆಕರ್ಷಣೆ’ ಯಾಕಲ್ಲ? ಇದು ನನಗೆ ಮುಖ್ಯ. ಎಲೆಕ್ಟ್ರೋನೆಗೆಟಿವಿಟಿಯನ್ನು ವಿವರಿಸುವಾಗಲೂ ನಾವು “ಎಲೆಕ್ಟ್ರಾನ್‌ಗಳನ್ನು ಆಕರ್ಷಿಸುವ ಗುಣ” ಅಂತಲೇ ಬರೆಯುತ್ತೇವೆ. ಅದರಲ್ಲಿ ಫ್ಲೋರಿನ್ ಮೊದಲು, ಪಾಲಿಂಗ್ ಮಾನದಲ್ಲಿ 3.98. ಕ್ಲೋರಿನ್ 3.16. ಒಂದು ಪುಟದಲ್ಲಿ “ಫ್ಲೋರಿನ್‌ನ ಆಕರ್ಷಣೆ ಅತಿ ಹೆಚ್ಚು”, ಮುಂದಿನ ಪುಟದಲ್ಲಿ “ಕ್ಲೋರಿನ್‌ನ ಆಕರ್ಷಣೆ ಅತಿ ಹೆಚ್ಚು” ಎಂದಿದ್ದರೆ ಓದುವವರು ಯಾವುದನ್ನು ನಂಬಬೇಕು? ಎಲೆಕ್ಟ್ರೋನೆಗೆಟಿವಿಟಿ ಎಂಬುದು ಬಂಧದಲ್ಲಿ ಹಂಚಿಕೊಂಡ ಎಲೆಕ್ಟ್ರಾನ್ ಜೋಡಿಯನ್ನು ತನ್ನತ್ತ ಎಳೆಯುವ ಮಾತು. ಅಫಿನಿಟಿ ಎಂಬುದು ಒಂಟಿ ಪರಮಾಣು ಹೊಸ ಎಲೆಕ್ಟ್ರಾನನ್ನು ಒಳಗೆ ಸೇರಿಸಿಕೊಳ್ಳುವ ಮಾತು. ಇವಕ್ಕೆ ಒಂದೇ ಪದ ಕೊಟ್ಟರೆ ವಿಷಯವೇ ಕೆಡುತ್ತದೆ.

ಒಲವಿನಲ್ಲಿ ಫ್ಲೋರಿನ್ ಹಿಂದೆ ಬೀಳುವ ಕಾರಣ ಗೊತ್ತಿರುವುದೇ. ಅದರ ಪರಮಾಣು ಬಹಳ ಚಿಕ್ಕದು, ಸಹವೇಲೆನ್ಸಿ ತ್ರಿಜ್ಯ 64 ಪಿಕೋಮೀಟರ್. ಕ್ಲೋರಿನ್‌ಗೆ 99. ಫ್ಲೋರಿನ್‌ನ ಎರಡನೇ ಕವಚದ ಇಕ್ಕಟ್ಟಿನಲ್ಲಿ ಆಗಲೇ ಇರುವ 7 ಎಲೆಕ್ಟ್ರಾನ್‌ಗಳು ಹೊಸದಾಗಿ ಬರುವುದನ್ನು ಜೋರಾಗಿ ತಳ್ಳುತ್ತವೆ. ಕ್ಲೋರಿನ್‌ನ ಮೂರನೇ ಕವಚದಲ್ಲಿ ಜಾಗ ಜಾಸ್ತಿ, ತಳ್ಳಾಟ ಕಡಿಮೆ. ಇದೇ ಇಕ್ಕಟ್ಟಿನಿಂದ ಇನ್ನೊಂದು ಪರಿಣಾಮವೂ ಇದೆ. ಎರಡು ಫ್ಲೋರಿನ್‌ಗಳ ನಡುವಿನ ಬಂಧ ದುರ್ಬಲವಾಗುತ್ತದೆ. ಅದನ್ನು ಮುರಿಯಲು 158.8 ಕಿಲೋಜೂಲ್ ಸಾಕು, ಕ್ಲೋರಿನ್ ಬಂಧಕ್ಕೆ 242.6 ಬೇಕು. ಇನ್ನು ನೀರಿನಲ್ಲಿ ಫ್ಲೋರೈಡ್ ಅಯಾನು ಬಿಡುವ ಶಕ್ತಿ 515, ಕ್ಲೋರೈಡ್‌ನದ್ದು 381. ಅರ್ಧ ಬಂಧ ಮುರಿಯುವುದು, ಎಲೆಕ್ಟ್ರಾನ್ ಸೇರುವುದು, ನೀರು ಸುತ್ತುವುದು, ಈ ಮೂರನ್ನೂ ಕೂಡಿದರೆ ಫ್ಲೋರಿನ್‌ಗೆ ಸುಮಾರು −764, ಕ್ಲೋರಿನ್‌ಗೆ ಸುಮಾರು −609. ಅದಕ್ಕೇ ಒಲವಿನಲ್ಲಿ ಎರಡನೆಯದಾದರೂ ಉತ್ಕರ್ಷಕವಾಗಿ, ಅಂದರೆ ಬೇರೆ ವಸ್ತುಗಳಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವುದರಲ್ಲಿ, ಫ್ಲೋರಿನ್ನೇ ಬಲಶಾಲಿ. ಅಂದರೆ ‘ಒಲವು’, ‘ಎಳೆತ’ (ಎಲೆಕ್ಟ್ರೋನೆಗೆಟಿವಿಟಿ), ‘ಉತ್ಕರ್ಷಣ ಬಲ’ ಮೂರೂ ಬೇರೆ ಬೇರೆ. ಟಿಪ್ಪಣಿಯಲ್ಲಿ ಇವು ಎಲ್ಲೂ ಒಂದಕ್ಕೊಂದು ಬೆರೆಯಬಾರದು.

‘ಗಳಿಕೆ’ ಪದದ ಬಗ್ಗೆಯೂ ನನಗೆ ತಕರಾರಿದೆ. ಗಳಿಕೆ ಅಂದ ಕೂಡಲೇ ಕೈಗೆ ಲಾಭ ಬಂತು ಎಂಬ ಭಾವ ಬರುತ್ತದೆ. “ಗಳಿಕೆ ಎಂಥಾಲ್ಪಿ” ಎಂದು ಓದಿದವರು ಪರಮಾಣು ಶಕ್ತಿಯನ್ನು ಗಳಿಸಿತು ಎಂದುಕೊಳ್ಳಬಹುದು. ಹ್ಯಾಲೋಜನ್‌ಗಳಲ್ಲಿ ನಡೆಯುವುದು ಉಲ್ಟಾ, ಎಲೆಕ್ಟ್ರಾನ್ ಒಳಗೆ ಬಂದು ಶಕ್ತಿ ಹೊರಗೆ ಹೋಗುತ್ತದೆ. ನಿಯಾನ್‌ಗೆ ಎಲೆಕ್ಟ್ರಾನ್ ಬೇಡವೇ ಬೇಡ, ಕೋಷ್ಟಕದಲ್ಲಿ +116 ಎಂದಿರುತ್ತದೆ. ಅದನ್ನೂ ‘ಗಳಿಕೆ’ ಅನ್ನುವುದು ಕಿವಿಗೆ ಸರಿಹೋಗುವುದಿಲ್ಲ. ‘ಎಲೆಕ್ಟ್ರಾನ್ ಸೇರ್ಪಡೆ ಎಂಥಾಲ್ಪಿ’ ಎಂದರೆ ಲಾಭ ನಷ್ಟದ ಸೋಂಕಿಲ್ಲ, ಎರಡೂ ಕಡೆ ಹೊಂದುತ್ತದೆ. ‘ಎಂಥಾಲ್ಪಿ’ಯನ್ನು ಮಾತ್ರ ಹಾಗೇ ಬಿಡಬೇಕು. ‘ಉಷ್ಣಾಂಶ’ ಎಂದರೆ ಹವಾಮಾನ ವರದಿಯ ಉಷ್ಣಾಂಶ ನೆನಪಿಗೆ ಬರುತ್ತದೆ.

ಇನ್ನೊಂದು ಬಳಕೆ, “ಗುಂಪಿನಲ್ಲಿ ಕೆಳಗೆ ಹೋದಂತೆ ಹೊರಬರುವ ಶಕ್ತಿ ಕಡಿಮೆಯಾಗುತ್ತದೆ, ಫ್ಲೋರಿನ್ ಇದಕ್ಕೆ ಅಪವಾದ”. ಇದನ್ನು ಬಿಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಆಕ್ಸಿಜನ್ −141, ಅದರ ಕೆಳಗಿನ ಗಂಧಕ −200. ಕಾರ್ಬನ್ −122, ಸಿಲಿಕಾನ್ −134. ಬೋರಾನ್ −27, ಅಲ್ಯೂಮಿನಿಯಂ −42. ಎಲ್ಲ ಕಡೆ ಮೇಲಿನ ಚಿಕ್ಕ ಪರಮಾಣುವೇ ಹಿಂದೆ. ಇಷ್ಟು ಕಡೆ ನಡೆಯುವುದನ್ನು ಅಪವಾದ ಎಂದರೆ, ಎರಡನೇ ಆವರ್ತದ ಹಲವು ಧಾತುಗಳಿಗೆ ಸೇರಿದ ಗುಣ ಒಂದೇ ಧಾತುವಿನ ವಿಚಿತ್ರ ಎಂದಾಗುತ್ತದೆ. “ಎರಡನೇ ಆವರ್ತದ ಬೋರಾನ್, ಕಾರ್ಬನ್, ಆಕ್ಸಿಜನ್‌ಗಳಂತೆ ಫ್ಲೋರಿನ್ ಕೂಡ” ಎಂದು ಶುರು ಮಾಡಿದರೆ ಮಕ್ಕಳು ಕಾರಣವನ್ನು ತಾವೇ ಹುಡುಕುತ್ತಾರೆ.

ನನ್ನ ಪ್ರಶ್ನೆಗಳು ಇಷ್ಟು. ‘ಸೇರ್ಪಡೆ ಎಂಥಾಲ್ಪಿ’ ನಿಮಗೆ ಒಪ್ಪಿಗೆಯೇ, ಅಥವಾ ‘ಗಳಿಕೆ’ ಆಗಲೇ ಬೇರೂರಿದೆ, ಕೀಳುವುದು ಬೇಡ ಅನ್ನುತ್ತೀರಾ? ಅಫಿನಿಟಿಗೆ ‘ಒಲವು’ ಬಳಸಿದರೆ ಗಣಿತದವರು, ಜೀವವಿಜ್ಞಾನದವರು ಅದೇ ಪದವನ್ನು ಬೇರೆ ಅರ್ಥಕ್ಕೆ ಇಟ್ಟುಕೊಂಡಿದ್ದಾರೆಯೇ? “ಸೊನ್ನೆಗಿಂತ ಎಲ್ಲಕ್ಕಿಂತ ಕೆಳಗೆ” ಎಂಬುದು ಸ್ವಲ್ಪ ಉದ್ದವಾಯಿತು, ಇದಕ್ಕಿಂತ ಚುಟುಕಾದ ಕನ್ನಡ ಹೊಳೆದರೆ ದಯವಿಟ್ಟು ತಿಳಿಸಿ. ತರಗತಿಯಲ್ಲಿ ಪಾಠ ಮಾಡುವವರು ಬೋರ್ಡಿನ ಮುಂದೆ ನಿಜವಾಗಿ ಏನು ಹೇಳುತ್ತೀರಿ ಎಂದು ಬರೆದರೆ ಇನ್ನೂ ಒಳ್ಳೆಯದು.