ಟ್ರಾವೆಲರ್ ಕ್ಯಾಂಪರ್‌ಗೆ ಟೈರ್: ಅನುಭವ ಇದ್ದವರು ಹೇಳಿ

ತುಮಕೂರು ತಿರುಗಾಟ: 2016ರ ಟೆಂಪೋ ಟ್ರಾವೆಲರ್ ತಗೊಂಡು ಮಂಚ, ಅಡುಗೆಕಟ್ಟೆ, 150 ಲೀಟರ್ ನೀರಿನ ಟ್ಯಾಂಕ್ ಹಾಕಿಸಿದೀನಿ. 215/75 ಆರ್15 ಸೈಜಿನ ಟೈರು, ಬಟನ್ (ರಸ್ತೆಗೆ ತಾಗೋ ರಬ್ಬರಿನ ಗೀರು) ಚೆನ್ನಾಗಿದೆ. ತಿಂಗಳಿಗೊಂದ್ಸಲ ಓಡೋ ಗಾಡಿ. ಬದಲಾಯಿಸ್ಬೇಕಾ?

ಘಾಟಿ ಭಟ್ರು: ನನ್ನದೂ ಬಟನ್ ಚೆನ್ನಾಗೇ ಇತ್ತು ಮಾರಾಯ್ರೆ! ಹಿರಿಯೂರು ದಾಟಿದ್ದೇ, ಮೇ ತಿಂಗಳ ಮಧ್ಯಾಹ್ನ, ಹಿಂದಿನ ಎಡಗಡೆಯದ್ದು ಢಂ. ಸೈಡಲ್ಲಿ 1115 ಅಂತ ಅಚ್ಚು, ಅಂದ್ರೆ 2015ರ 11ನೇ ವಾರ ತಯಾರಾದದ್ದು. ಅಷ್ಟು ಹಳೆಯದು ಅಂತ ನೋಡಿಯೇ ಇರಲಿಲ್ಲ. ಜಾಕಿ ಮಂಚದಡಿ, ಅದರ ಮೇಲೆ ಬಡಗಿ ಪ್ಲೈವುಡ್ ಹೊಡೆದು ಹನ್ನೆರಡು ಸ್ಕ್ರೂ ಬಿಗಿದಿದ್ದ. ಹೆಂಡತಿ ಬೆಣ್ಣೆ ಚಾಕುವಿನಲ್ಲಿ ಒಂದೊಂದೇ ತಿರುಗಿಸಿದಳು. ಟೈರ್ 9,200, ಟಿಂಕರಿಂಗ್ 6,500, ಸಿಂಕಿನ ಪೈಪ್ 1,800, ಲಾಡ್ಜ್ 1,400. ಚಿತ್ರಾನ್ನ ಹಳಸಿದ್ದು ಲೆಕ್ಕಕ್ಕಿಲ್ಲ.

ಹುಬ್ಬಳ್ಳಿ ಗಾಲಿ: ಸುಮ್ಮ ಹೆದರಸಬ್ಯಾಡ್ರಿ. ಮುಂದ ಹೊಸಾವು, ಹಿಂದ ರೀಸೋಲ್ (ಹಳೇ ಟೈರಿಗೆ ಹೊಸಾ ರಬ್ಬರ್ ಕೂಡಿಸಿದ್ದು), ಒಂದಕ್ಕ 3,200. ಮೂರು ವರ್ಷ ಆತು, ಬದಾಮಿ, ಗೋಕರ್ಣ, ಹಂಪಿ ಎಲ್ಲಾ ಮುಗಿಸೀನಿ. ಸರಕಾರಿ ಬಸ್ಸಿಗೂ ರೀಸೋಲ್ ಹಾಕ್ತಾರ, ಗೊತ್ತೈತಿಲ್ಲೋ?

ಘಾಟಿ ಭಟ್ರು: ಬಸ್ಸು ದಿನಾ ಓಡ್ತದೆ, ಡಿಪೋದಲ್ಲಿ ದಿನಾ ನೋಡುವವರಿದ್ದಾರೆ. ನಿಮ್ಮದು ಬಿಸಿಲಲ್ಲಿ ನಿಂತು ಬಿರುಕು ಬಿಡುವ ಗಾಡಿ. ಶಿರಾಡಿ ಇಳಿದು ನೋಡಿ, ಆಮೇಲೆ ಮಾತಾಡಿ.

ಹುಬ್ಬಳ್ಳಿ ಗಾಲಿ: ಜಾಕಿ ಎಲ್ಲೈತಿ ಅಂತ ಗೊತ್ತಿಲ್ದವರು ನನಗ ಘಾಟಿ ಹೇಳ್ತಾರ!

ಮನೆಯೇ ಗಾಡಿ: ಇಬ್ಬರೂ ತೂಕದ ಮಾತೇ ಎತ್ತಲಿಲ್ಲ. ಇದೇ 215/75 ಆರ್15 ಬೊಲೆರೋಗೂ ಬರುತ್ತೆ. ಅಂಗಡಿಯವನು "ಸೇಮ್ ಸೈಜ್ ಮೇಡಂ" ಅಂತ ಅದನ್ನೇ ಕೂರಿಸಿದ. ಸೈಡಲ್ಲಿ ಭಾರ ಹೊರೋ ಶಕ್ತಿಯ ಸಂಕೇತ 100 ಅಂತಿತ್ತು, ಅಂದ್ರೆ ಒಂದು ಚಕ್ರ 800 ಕೆ.ಜಿ. ಅಷ್ಟೇ ಹೊರುತ್ತೆ. ನೀರು, ಗ್ಯಾಸು, ಪಾತ್ರೆ, ಜನ ಎಲ್ಲ ತುಂಬಿಸಿ ವೇಬ್ರಿಡ್ಜಿಗೆ ಹೋದೆ. ಹಿಂದಿನ ಚಕ್ರಗಳೆರಡರ ಮೇಲೇ 1,840 ಕೆ.ಜಿ.! ಅದರಲ್ಲೂ ಟ್ಯಾಂಕು, ಬ್ಯಾಟರಿ, ಫ್ರಿಜ್ಜು ಎಲ್ಲ ಎಡಕ್ಕೇ. ಎಂಟೇ ತಿಂಗಳಿಗೆ ಎರಡು ಟೈರ್ ಅರ್ಧ ಬೆಲೆಗೆ ಮಾರಿ, ಹೆಚ್ಚು ಭಾರ ಹೊರೋ 8 ಪ್ಲೈ ಟೈರ್ ಹಾಕಿಸಿದೆ. 9,400ರಂತೆ 18,800, ಅಲೈನ್‌ಮೆಂಟ್ 600, ಟ್ಯಾಂಕ್ ಬಲಕ್ಕೆ ಸರಿಸಿದ್ದಕ್ಕೆ 4,000. ಈಗ ಬೆಳಿಗ್ಗೆ ಹೊರಡೋ ಮುಂಚೆ, ಟೈರ್ ತಣ್ಣಗಿದ್ದಾಗ ಮಾತ್ರ ಗಾಳಿ ನೋಡ್ತೀನಿ. ಅದೂ ನೈಟ್ರೋಜನ್.

ಹುಬ್ಬಳ್ಳಿ ಗಾಲಿ: ಗಾಳ್ಯಾಗ 78 ಪರ್ಸೆಂಟ್ ನೈಟ್ರೋಜನ್ನೇ ಐತ್ರಿ ಅಕ್ಕಾರ. ರೊಕ್ಕ ಕೊಟ್ಟು ಗಾಳಿ ತಗೊಂಡ್ರಿ.

ಮನೆಯೇ ಗಾಡಿ: ನನ್ನ ದುಡ್ಡು, ನನ್ನ ಗಾಳಿ. ನೀವು ಮೂರು ವರ್ಷದಲ್ಲಿ ಎಷ್ಟು ಸಲ ಗೇಜ್ ಹಿಡಿದಿದ್ದೀರಿ, ಅದು ಹೇಳಿ.

ಹುಬ್ಬಳ್ಳಿ ಗಾಲಿ: ಕಾಲಿಂದ ಒದ್ದರ ಗೊತ್ತಾಗ್ತೈತಿ.

ಘಾಟಿ ಭಟ್ರು: ದೇವರೇ.

ತುಮಕೂರು ತಿರುಗಾಟ: ಈಗ ಟಾರ್ಚ್ ಹಾಕಿ ನೋಡಿದೆ. ನಾಲ್ಕೂ 2616. ಸ್ಟೆಪ್ನಿ 4815. ಬದಲಾಯಿಸ್ಬೇಕಾ ಅಂತ ಕೇಳಿದ್ದೆ...

ಘಾಟಿ ಭಟ್ರು: ಮೊದಲು ನಿಮ್ಮ ಜಾಕಿ ಎಲ್ಲಿದೆ ಹೇಳಿ.

ಹುಬ್ಬಳ್ಳಿ ಗಾಲಿ: ಪ್ಲೈವುಡ್ ಯಾಕ ಹಾಕ್ಸಿದ್ರಿ ಭಟ್ರ? ಅಲ್ಯೂಮಿನಿಯಂ ಹಗುರ ಇರ್ತೈತಿ. ನಂದು ಹೇಳ್ತೀನಿ ಕೇಳ್ರಿ...