ಉದ್ಯಮಿಗಳ ಬದುಕಿನ ರೋಚಕ ಚಿತ್ರಗಳು: ನೋಡಿದವರ ಅನುಭವ ಹಂಚಿಕೆ

ಪ್ರಶ್ನೆ, ಹುಬ್ಬಳ್ಳಿಯಿಂದ:

ನಾವು ಮೂವರು ಗೆಳೆಯರು ಕೂಡಿ ರಟ್ಟಿನ ಪೆಟ್ಟಿಗೆ ತಯಾರಿಸುವ ಸಣ್ಣ ಘಟಕವೊಂದನ್ನು ಆರಂಭಿಸುವ ಸಿದ್ಧತೆಯಲ್ಲಿದ್ದೇವೆ. ಉದ್ಯಮಿಗಳ ಬದುಕನ್ನೂ ವ್ಯಾಪಾರ ಜಗತ್ತಿನ ನಿರ್ದಯತೆಯನ್ನೂ ತೋರಿಸುವ, ಮುಂದೇನಾಗುವುದೋ ಎಂಬ ಆತಂಕವನ್ನು ಕೊನೆಯವರೆಗೆ ಉಳಿಸುವ ಚಿತ್ರಗಳನ್ನು ಒಟ್ಟಿಗೆ ಕುಳಿತು ನೋಡಬೇಕೆಂದಿದ್ದೇವೆ. ಬಡವನೊಬ್ಬ ಕೋಟ್ಯಧಿಪತಿಯಾದ ಸ್ಫೂರ್ತಿಯ ಕಥೆಗಳನ್ನು ಸಾಕಷ್ಟು ನೋಡಿಯಾಗಿದೆ. ವ್ಯವಹಾರ ನಿಜವಾಗಿ ನಡೆಯುವ ಬಗೆಯನ್ನು ತೋರಿಸುವ ಚಿತ್ರಗಳಿದ್ದರೆ ದಯವಿಟ್ಟು ತಿಳಿಸಿ.

ಪೀಣ್ಯದಿಂದ, ಯಂತ್ರಗಳ ಬಿಡಿಭಾಗ ತಯಾರಿಸುವವರೊಬ್ಬರು:

ಯಾರಿಗೆ, ಎಷ್ಟು ಹಣವನ್ನು, ಯಾವ ದಿನದೊಳಗೆ ಕೊಡಬೇಕು ಎಂಬುದನ್ನು ಆರಂಭದಲ್ಲೇ ಸ್ಪಷ್ಟಪಡಿಸುವ ಚಿತ್ರವೇ ನಮ್ಮಂಥವರ ಎದೆಬಡಿತವನ್ನು ಏರಿಸುತ್ತದೆ ಎಂಬುದು ನನ್ನ ಅನುಭವ. ಆ ದೃಷ್ಟಿಯಿಂದ ಮೊದಲು ಜೆ. ಸಿ. ಚಾಂಡೋರ್ ನಿರ್ದೇಶನದ 'ಎ ಮೋಸ್ಟ್ ವಯಲೆಂಟ್ ಇಯರ್' (2014) ನೋಡಿ. 1981ರ ನ್ಯೂಯಾರ್ಕ್‌ನಲ್ಲಿ ಮನೆಗಳನ್ನು ಬೆಚ್ಚಗಿಡುವ ಎಣ್ಣೆಯನ್ನು ಸರಬರಾಜು ಮಾಡುವ ಆಬೆಲ್ ಮೊರಾಲೆಸ್ ಎಂಬಾತ, ನದಿದಂಡೆಯ ಎಣ್ಣೆ ಸಂಗ್ರಹಾಗಾರವೊಂದಕ್ಕೆ ದೊಡ್ಡ ಮುಂಗಡ ಕೊಟ್ಟು, ಉಳಿದ ಹಣವನ್ನು 30 ದಿನಗಳಲ್ಲಿ ಕಟ್ಟುವುದಾಗಿ ಕರಾರು ಮಾಡಿಕೊಳ್ಳುತ್ತಾನೆ. ಕಟ್ಟದಿದ್ದರೆ ಜಾಗವೂ ಇಲ್ಲ, ಮುಂಗಡವೂ ಮುಳುಗುತ್ತದೆ. ಅತ್ತ ಅವನ ಎಣ್ಣೆ ತುಂಬಿದ ಲಾರಿಗಳನ್ನು ಯಾರೋ ಅಡ್ಡಗಟ್ಟಿ ಕದಿಯುತ್ತಿದ್ದಾರೆ, ಇತ್ತ ಸರ್ಕಾರಿ ವಕೀಲರು ಲೆಕ್ಕಪತ್ರಗಳ ಬೆನ್ನು ಹತ್ತಿದ್ದಾರೆ, ನಡುವೆ ಸಾಲ ಕೊಡಬೇಕಾದ ಬ್ಯಾಂಕು ಹಿಂದೆ ಸರಿಯುತ್ತದೆ. ಚಾಲಕರಿಗೆ ಬಂದೂಕು ಕೊಡಬೇಕೆಂಬ ಒತ್ತಡ ಬಂದಾಗ ಆತ ಏಕೆ ಒಪ್ಪುವುದಿಲ್ಲ, ಆ ನಿಲುವಿಗೆ ಯಾರು ಬೆಲೆ ತೆರುತ್ತಾರೆ ಎಂಬುದರ ಬಗ್ಗೆ ನೀವು ಮೂವರೂ ಚರ್ಚಿಸಲೇಬೇಕು. ಕೊನೆಗೆ ಆತ ತನ್ನ ಪ್ರತಿಸ್ಪರ್ಧಿಯ ಮನೆಬಾಗಿಲಿಗೇ ಸಾಲಕ್ಕೆ ಹೋಗುವ ಭಾಗ ನನ್ನನ್ನು ಬಹಳ ಕಲಕಿತು. ಸಂಬಳದ ದಿನ ಹತ್ತಿರವಾದಾಗ ಬರಬೇಕಾದ ಬಿಲ್ಲಿನ ಹಣ ಬಾರದೆ ಕೈಸಾಲ ಕೇಳಿದವರಿಗೆ ಆ ಮುಖಭಾವ ಅರ್ಥವಾಗುತ್ತದೆ.

ಎರಡನೆಯದಾಗಿ ಅಕಿರಾ ಕುರೊಸಾವಾ ಅವರ 'ಹೈ ಅಂಡ್ ಲೋ' (1963). ಇದು ಹಳೆಯ ಕಪ್ಪು-ಬಿಳುಪು ಜಪಾನಿ ಚಿತ್ರವೆಂದು ದಯವಿಟ್ಟು ಬಿಡಬೇಡಿ. ತೊಶಿರೊ ಮಿಫುನೆ ಅಭಿನಯಿಸಿದ ಗೊಂಡೊ, ಪಾದರಕ್ಷೆ ಕಂಪನಿಯೊಂದರ ಹಿರಿಯ ಅಧಿಕಾರಿ. ಬೇಗ ಹರಿದುಹೋಗುವ ಅಗ್ಗದ ಚಪ್ಪಲಿ-ಷೂಗಳನ್ನು ಮಾರಿ ಲಾಭ ಹೆಚ್ಚಿಸೋಣ ಎನ್ನುವ ಸಹೋದ್ಯೋಗಿಗಳನ್ನು ಧಿಕ್ಕರಿಸಿ, ಮನೆಯನ್ನೂ ಅಡವಿಟ್ಟು ತಂದ ಹಣದಿಂದ ಕಂಪನಿಯ ಷೇರುಗಳನ್ನು ಗುಟ್ಟಾಗಿ ಕೊಳ್ಳಲು ಅವನು ಹೊರಟಿರುತ್ತಾನೆ. ಅಂದೇ ರಾತ್ರಿ ಅವನ ಮಗನೆಂದು ತಪ್ಪು ತಿಳಿದು ಕಾರು ಚಾಲಕನ ಮಗನನ್ನು ಅಪಹರಿಸಿದವರು 3 ಕೋಟಿ ಯೆನ್ ಕೇಳುತ್ತಾರೆ. ಕೊಟ್ಟರೆ ಇಡೀ ಬದುಕಿನ ದುಡಿಮೆ ಹೋಯಿತು. ಕೊಡದಿದ್ದರೆ ಬೇರೊಬ್ಬರ ಮಗು ಹೋಯಿತು. ಮೊದಲ ಒಂದು ಗಂಟೆಯ ಬಹುಪಾಲು ಒಂದೇ ಬೈಠಕ್‌ಖಾನೆಯಲ್ಲಿ ನಡೆಯುತ್ತದೆ, ಆದರೂ ನಾನು ನೋಡಿದ ಯಾವ ಚಿತ್ರವೂ ನನ್ನನ್ನು ಅಷ್ಟು ತಳಮಳಕ್ಕೆ ಈಡುಮಾಡಿಲ್ಲ.

ಮಂಗಳೂರಿನಿಂದ, ಲೆಕ್ಕಪರಿಶೋಧಕಿಯೊಬ್ಬರು:

ಪೀಣ್ಯದವರು ಗಡುವಿನ ಮಾತನ್ನು ಸರಿಯಾಗಿಯೇ ಹೇಳಿದ್ದಾರೆ. ಅದರ ಜೊತೆಗೆ ಕರಾರಿನ ಕಾಗದವನ್ನೂ ನೆನಪಿಸಲು ಬಯಸುತ್ತೇನೆ. 'ದಿ ಫೌಂಡರ್' (2016) ಚಿತ್ರದಲ್ಲಿ ಮಿಲ್ಕ್‌ಶೇಕ್ ಯಂತ್ರಗಳನ್ನು ಮಾರುತ್ತಿದ್ದ ರೇ ಕ್ರಾಕ್, ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ಮೆಕ್‌ಡೊನಾಲ್ಡ್ ಸಹೋದರರ ಹೋಟೆಲನ್ನು ಕಂಡು, ಅದರ ಶಾಖೆಗಳನ್ನು ತೆರೆಯುವ ಹಕ್ಕನ್ನು ಪಡೆಯುತ್ತಾನೆ. ಯಾವ ಬದಲಾವಣೆಗೂ ಸಹೋದರರ ಒಪ್ಪಿಗೆ ಬೇಕೆಂದು ಕರಾರಿನಲ್ಲಿರುತ್ತದೆ. ಆದರೆ ಶಾಖೆಗಳು ನಿಲ್ಲುವ ನೆಲವನ್ನೇ ಕೊಂಡು, ಅದನ್ನು ಶಾಖೆ ನಡೆಸುವವರಿಗೆ ಬಾಡಿಗೆಗೆ ಕೊಡು ಎಂಬ ಸಲಹೆ ಅವನಿಗೆ ಸಿಕ್ಕ ಕ್ಷಣದಿಂದ ಆ ಷರತ್ತಿನ ಬಲವೆಲ್ಲ ಕುಸಿಯುತ್ತದೆ. 27 ಲಕ್ಷ ಡಾಲರಿಗೆ ಎಲ್ಲವನ್ನೂ ಬಿಟ್ಟುಕೊಡುವಾಗ ಲಾಭದಲ್ಲಿ ಪಾಲು ಕೊಡುವುದಾಗಿ ಕೇವಲ ಕೈಕುಲುಕಿ ಹೇಳಿದ ಮಾತು ಏನಾಯಿತು ಎಂಬುದನ್ನು ಚಿತ್ರದಲ್ಲೇ ನೋಡಿ.

ನೀವು ಮೂವರು ಗೆಳೆಯರಾಗಿರುವುದರಿಂದ ಫೇಸ್‌ಬುಕ್ ಹುಟ್ಟಿದ ಕಥೆ ಹೇಳುವ 'ದಿ ಸೋಷಿಯಲ್ ನೆಟ್‌ವರ್ಕ್' (2010) ಅನ್ನೂ ತಪ್ಪಿಸಬೇಡಿ. ಮೊದಲ ಹಣ ಹಾಕಿದ ಗೆಳೆಯನ ಪಾಲು, ಅವನೇ ಸಹಿ ಹಾಕಿದ ಕಾಗದಗಳ ಬಲದಿಂದ, ಶೇ. 0.03ಕ್ಕೆ ಇಳಿದದ್ದು ಅವನಿಗೆ ತಿಳಿಯುವ ದೃಶ್ಯ ಅದರಲ್ಲಿದೆ. ಹೊಸ ಷೇರುಗಳನ್ನು ಹೊರಡಿಸಿದಾಗ ಹಳೆಯ ಪಾಲು ಹೇಗೆ ಕರಗುತ್ತದೆ ಎಂಬುದನ್ನು ನಾನು ಗ್ರಾಹಕರಿಗೆ ಎಷ್ಟು ಬಾರಿ ವಿವರಿಸಿದರೂ ತಲುಪದ ಅರ್ಥ, ಆ ದೃಶ್ಯದಿಂದ ಒಮ್ಮೆಗೇ ತಲುಪುತ್ತದೆ.

ಪ್ರಶ್ನೆ ಕೇಳಿದವರು:

ತಮ್ಮಿಬ್ಬರಿಗೂ ಕೃತಜ್ಞತೆಗಳು. ಗೆಳೆಯರಲ್ಲೊಬ್ಬನಿಗೆ ಇಂಗ್ಲಿಷ್ ಅಡಿಬರಹಗಳನ್ನು ವೇಗವಾಗಿ ಓದುವುದು ಕಷ್ಟ. ಕನ್ನಡದಲ್ಲೋ ಹಿಂದಿಯಲ್ಲೋ ಇಂಥವು ಇವೆಯೇ?

ದಾವಣಗೆರೆಯಿಂದ, ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು:

ಹಿಂದಿಯ 'ರಾಕೆಟ್ ಸಿಂಗ್' (2009) ನಿಮಗೆ ಹೊಂದುತ್ತದೆ. ಕಂಪ್ಯೂಟರ್ ಮಾರುವ ಸಂಸ್ಥೆಯೊಂದರಲ್ಲಿ ಲಂಚ ಕೊಡಲು ಒಪ್ಪದೆ ಅವಮಾನಕ್ಕೊಳಗಾದ ಯುವಕ, ಅದೇ ಕಚೇರಿಯಲ್ಲಿ ಕುಳಿತು ಸಹೋದ್ಯೋಗಿಗಳೊಂದಿಗೆ ತನ್ನದೇ ಗುಪ್ತ ಕಂಪನಿ ನಡೆಸುತ್ತಾನೆ. ಸಿಕ್ಕಿಬೀಳುವ ಭಯ ಉದ್ದಕ್ಕೂ ಇದೆ. ಹಾಡು-ಹೊಡೆದಾಟಗಳ ಅಬ್ಬರವಿಲ್ಲ.

ಕನ್ನಡದಲ್ಲಿ ನನ್ನ ಮನಸ್ಸಿಗೆ ಬರುವುದು ದೊರೈ-ಭಗವಾನ್ ಅವರ 'ಕಸ್ತೂರಿ ನಿವಾಸ' (1971). ಅದನ್ನು ರೋಚಕ ಚಿತ್ರವೆಂದು ಕರೆಯಲಾರೆ. ನಮ್ಮವರು ಸಾಮಾನ್ಯವಾಗಿ ಅದನ್ನು ದಾನಶೂರನ ಕಥೆಯೆಂದು ನೋಡಿ ಕಣ್ಣೀರು ಹಾಕುತ್ತಾರೆ. ಆದರೆ ಸಾಲದ ಅರ್ಜಿಗಳ ನಡುವೆ ವೃತ್ತಿಜೀವನ ಕಳೆದ ನನಗೆ ರಾಜ್‌ಕುಮಾರ್ ಅವರ ರವಿವರ್ಮ, ಬೆಂಕಿಪೊಟ್ಟಣದ ಕಾರ್ಖಾನೆಯ ಮಾಲೀಕನಾಗಿಯೂ ಕಾಣುತ್ತಾನೆ: ತನ್ನಲ್ಲೇ ಕೆಲಸಕ್ಕಿದ್ದವನು ಅದೇ ವ್ಯಾಪಾರದಲ್ಲಿ ಎದುರು ನಿಂತು ಬೆಳೆಯುತ್ತಿರುವಾಗಲೂ ಕೊಡುವ ಕೈಯನ್ನು ಹಿಂತೆಗೆಯದೆ ಒಂದೊಂದಾಗಿ ಎಲ್ಲವನ್ನೂ ಕಳೆದುಕೊಳ್ಳುವ ಮಾಲೀಕ. ಅವನ ಔದಾರ್ಯವನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೂ ಅವನ ಲೆಕ್ಕದ ಪುಸ್ತಕವನ್ನು ಯಾರಾದರೂ ಸಕಾಲದಲ್ಲಿ ನೋಡಿದ್ದರೆ ಕಾರ್ಮಿಕರ ಗತಿ ಏನಾಗುತ್ತಿತ್ತು ಎಂಬ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಪೀಣ್ಯದವರು, ಮತ್ತೊಮ್ಮೆ:

ಚಾಂಡೋರ್ ಅವರದೇ ಮೊದಲ ಚಿತ್ರ 'ಮಾರ್ಜಿನ್ ಕಾಲ್' (2011) ಅನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. 2008ರ ಆರ್ಥಿಕ ಕುಸಿತದ ಹೊಸ್ತಿಲಲ್ಲಿ, ತಮ್ಮ ಬಳಿಯಿರುವ ಸಾಲಪತ್ರಗಳಂಥ ಸರಕು ಬೆಲೆಯಿಲ್ಲದ್ದೆಂದು ರಾತ್ರಿ ತಿಳಿದ ಹೂಡಿಕೆ ಬ್ಯಾಂಕೊಂದರವರು ಬೆಳಗಾದೊಡನೆ ಅದನ್ನು ತಮ್ಮದೇ ಗ್ರಾಹಕರಿಗೆ ಮಾರಲು ತೀರ್ಮಾನಿಸುವ ಕಥೆ ಅದು. ಮಾತು ಹೆಚ್ಚು, ಹಣಕಾಸಿನ ಪದಗಳೂ ಹೆಚ್ಚು. ಅಡಿಬರಹ ಓದಲು ಕಷ್ಟಪಡುವ ಗೆಳೆಯನಿಗೆ ನಡುನಡುವೆ ನಿಲ್ಲಿಸಿ ವಿವರಿಸುತ್ತ ನೋಡಿ.